ನಿಜ್ವಾದಲ್ಲಿ ರೈಲುಗೆರೆ ಎಳೆದವರು

ಒಮಾನಿನ ಈ ನಿಜ್ವಾದಲ್ಲಿ ರೈಲಿಲ್ಲ. ನಾನು ಬಂದಾಗ ಇರಲಿಲ್ಲ, ಈಗಲೂ ಇಲ್ಲ. ಸೋಹಾರ್ ಕಡೆ ಹಳಿ ಹಾಕುತ್ತಿದ್ದಾರೆ ಎಂದು ಇತ್ತೀಚೆಗೆ ಪೇಪರಿನಲ್ಲಿ ಓದುತ್ತೇವೆ, ಅಷ್ಟೇ. ಆದರೂ ಈ ಊರಿಗೆ ಬಂದ ಎರಡನೇ ವಾರ ನಾನು, ನನ್ನ ಗಂಡ, ತೊಡೆಯ ಮೇಲೊಂದು ಕೂಸು, ಮೂವರೂ ಕಾರಿನಲ್ಲಿ ರೈಲುಹಳಿ ಹುಡುಕುತ್ತಾ ಮುಕ್ಕಾಲು ಗಂಟೆ ಸುತ್ತಿದ್ದೆವು. ಕೈಯಲ್ಲಿ ಅಂದವಾದ ಒಂದು ನಕ್ಷೆಯಿತ್ತು. ಕೋಟೆಯ ದುಂಡು ಬುರುಜು, ಪೆಟ್ರೋಲ್ ಪಂಪು, ಖರ್ಜೂರದ ತೋಟ, ಎಲ್ಲವೂ ಅದರಲ್ಲಿ ಇರಬೇಕಾದಲ್ಲೇ ಇದ್ದವು. ತೋಟದ ಪಕ್ಕದಲ್ಲಿ ಉದ್ದಕ್ಕೂ ಒಂದು ಕಪ್ಪು ಗೆರೆ, ಅದಕ್ಕೆ ಅಡ್ಡಡ್ಡ ಸಣ್ಣ ಗೀಟುಗಳು. ಶಾಲೆಯಲ್ಲಿ ಭೂಗೋಳ ಓದಿದ ಯಾರಿಗಾದರೂ ಗೊತ್ತು, ಅದು ರೈಲು.

ಆ ನಕ್ಷೆ ಬರೆದವರು ಹೋದ ತಿಂಗಳು ಊರಲ್ಲಿ ತೀರಿಕೊಂಡರು. ಸುದ್ದಿ ವಾಟ್ಸಾಪಿನಲ್ಲಿ ಬಂತು, ಕೈಮುಗಿದ ಚಿತ್ರಗಳ ಸಾಲಿನ ನಡುವೆ. ಹೆಸರು ಹೇಳುವುದಿಲ್ಲ. ಜೀವಮಾನವೆಲ್ಲ ಡ್ರಾಯಿಂಗುಗಳ ಮೂಲೆಯ ಚೌಕದಲ್ಲಿ ಹೆಸರಿನ ಎರಡೇ ಅಕ್ಷರ ಬರೆದು ಸುಮ್ಮನಾದ ಮನುಷ್ಯನ ಹೆಸರನ್ನು ನಾನು ಇಲ್ಲಿ ದೊಡ್ಡದಾಗಿ ಬರೆದರೆ ಅವರಿಗೆ ಮುಜುಗರವಾದೀತು.

ಆಗೆಲ್ಲ ಇಲ್ಲಿ ಮನೆಗೆ ವಿಳಾಸ ಅನ್ನುವುದೇ ಇರಲಿಲ್ಲ. ಕಾಗದ ಬರುತ್ತಿದ್ದುದು ಪೋಸ್ಟ್ ಬಾಕ್ಸಿಗೆ. ಯಾರನ್ನಾದರೂ ಮನೆಗೆ ಕರೆಯಬೇಕಾದರೆ ಕೈಯಿಂದ ಬರೆದ ಲೊಕೇಶನ್ ಮ್ಯಾಪು ಕೊಡಬೇಕು. ನಿಜ್ವಾದ ನಮ್ಮವರ ಪೈಕಿ ನಾಮಕರಣ, ಬರ್ತ್‌ಡೇ, ಸತ್ಯನಾರಾಯಣ ಪೂಜೆ, ರೋಸರಿ ಏನೇ ಇದ್ದರೂ ಆ ಮ್ಯಾಪು ಬರೆಯುತ್ತಿದ್ದವರು ಇವರೇ. ಮಕ್ಕಳೆಲ್ಲ ‘ಮ್ಯಾಪ್ ಮಾಮ’ ಎಂದು ಕರೆಯುತ್ತಿದ್ದರು. ಆವತ್ತು ನಾವು ಹೊರಟದ್ದು ಅವರದೇ ಮನೆಯ ಪೂಜೆಗೆ.

ಕೊನೆಗೆ ಸೋತು ಫೋನ್ ಮಾಡಿದೆ.

"ಸರ್, ರೈಲ್ವೆ ಲೈನ್ ಎಲ್ಲುಂಟು?"

"ನೀವೀಗ ಎಲ್ಲಿದ್ದೀರಿ?"

"ತೋಟದ ಹತ್ರ. ಇಲ್ಲಿ ಒಂದು ನೀರಿನ ಕಾಲುವೆ ಬಿಟ್ರೆ ಎಂತದೂ ಇಲ್ಲ."

"ಅದೇ ಅದು. ಕಾರು ಅಲ್ಲೇ ಇಡಿ. ನೀರು ಬರುವ ದಿಕ್ಕಿಗೆ ನಡ್ಕೊಂಡು ಬನ್ನಿ. ನಮ್ಮ ಮನೆ ಎರಡನೇ ಸ್ಟೇಷನ್."

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಪೂಜೆಯ ಮನೆ ಎನ್ನುವುದನ್ನೂ ನೋಡದೆ ಬಾಗಿಲಲ್ಲೇ ಕೇಳಿದೆ, ನೀರಿಗೆ ಯಾರಾದರೂ ರೈಲಿನ ಗುರುತು ಹಾಕುತ್ತಾರಾ ಎಂದು. ಅವರು ನಕ್ಕರು. ಬೋಳು ತಲೆ, ಇಸ್ತ್ರಿ ಮುರಿಯದ ಅರ್ಧ ತೋಳಿನ ಅಂಗಿ, ಜೇಬಿನಲ್ಲಿ ಪೂಜೆಯ ದಿನವೂ ಒಂದು ಪೆನ್ಸಿಲು. "ಈ ಫಲಜ್ ಕಾಲುವೆಯ ನೀರು ಸುಮ್ಮನೆ ಹರಿಯುವುದಲ್ಲ, ಬಾಯಮ್ಮ. ಯಾವ ತೋಟಕ್ಕೆ ಎಷ್ಟು ಹೊತ್ತಿಗೆ, ಎಷ್ಟು ಹೊತ್ತು ಅಂತ ಲೆಕ್ಕ ಉಂಟು. ಮೊದಲು ನೆರಳು ನೋಡಿ ಬಿಡ್ತಿದ್ರಂತೆ. ಟೈಮ್‌ಟೇಬಲ್ ಇದ್ದು, ಊರಿಂದ ಊರಿಗೆ ಹೋಗುವುದಾದ್ರೆ ಅದು ರೈಲಲ್ದೆ ಮತ್ತೆಂತ?"

ನಾನು ಮಂಗಳೂರಿನ ಕ್ರಿಶ್ಚಿಯನ್ ಹೆಂಗಸು ಎಂಬುದಕ್ಕೆ ಅವರು ಮೊದಲ ದಿನದಿಂದಲೇ ನನ್ನನ್ನು ಬಾಯಮ್ಮ ಎಂದರು. ಅವರದು ತುಳು, ನಮ್ಮ ಮನೆಯದು ಕೊಂಕಣಿ. ನನ್ನ ತುಳು ಕೇಳಿದರೆ ಅವರಿಗೆ ನಗು ತಡೆಯುತ್ತಿರಲಿಲ್ಲವಾದ್ದರಿಂದ ನಮ್ಮ ನಡುವೆ ಕನ್ನಡವೇ ಗಟ್ಟಿಯಾಯಿತು.

ನಾವಿಬ್ಬರೂ ಒಂದೇ ಆಫೀಸಿನವರು. ರಸ್ತೆ, ಮೋರಿ, ಸೇತುವೆಗಳ ನಕ್ಷೆ ಮಾಡುವ ಸಣ್ಣ ಕಂಪನಿ. ಅವರು ಡ್ರಾಫ್ಟ್ಸ್‌ಮನ್, ನಾನು ಡಾಕ್ಯುಮೆಂಟ್ ಕಂಟ್ರೋಲರ್. ಅಂದರೆ ಆಫೀಸಿನ ಪ್ರತಿಯೊಂದು ಡ್ರಾಯಿಂಗಿಗೂ ನಂಬರು ಕೊಟ್ಟು, ರಿಜಿಸ್ಟರಿನಲ್ಲಿ ಬರೆದು, ಮೊಹರು ಹಾಕುವವಳು. ನನ್ನ ಮೇಜಿನ ಮೇಲೆ ಅನೇಕ ಮೊಹರುಗಳಿದ್ದರೂ ಮುಖ್ಯವಾದವು ಎರಡು. ಒಂದು ಕೆಂಪು ಮೊಹರು, ‘ಸೂಪರ್‌ಸೀಡೆಡ್’. ಈ ಹಾಳೆ ಹಳತಾಯಿತು, ಇನ್ನು ಇದನ್ನು ಯಾರೂ ನೋಡಬಾರದು ಎಂದು ಅರ್ಥ. ಇನ್ನೊಂದು ನೀಲಿ, ‘ಆಸ್ ಬಿಲ್ಟ್’. ಕೆಲಸ ಮುಗಿದ ಮೇಲೆ ಒಬ್ಬರು ಸ್ಥಳಕ್ಕೆ ಹೋಗಿ, ನಡೆದು, ಅಳೆದು, ತಪ್ಪಿದ್ದಲ್ಲಿ ಕೆಂಪು ಪೆನ್ಸಿಲಿನಲ್ಲಿ ತಿದ್ದಿ ತಂದ ಹಾಳೆಗೆ ಮಾತ್ರ ಅದು ಬೀಳುತ್ತದೆ. ಇದ್ದದ್ದು ಇದ್ದ ಹಾಗೇ ಎಂದು ಅದರ ಅರ್ಥ. ಸುಳ್ಳು ಆಸ್ ಬಿಲ್ಟ್ ನನ್ನ ಕೈಯಿಂದ ಒಂದೂ ಹೋಗಿಲ್ಲ ಎಂದು ನನಗೆ ಜಂಭವಿತ್ತು. ಮ್ಯಾನೇಜರೇ ಬಂದು "ಯಲ್ಲಾ, ಹಾಕಿಬಿಡಿ ಮೇಡಂ" ಅಂದರೂ ಹಾಕಿದವಳಲ್ಲ.

ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿದ ಹೊತ್ತಿಗೆ ಅವರು ಸಂತೆಕಟ್ಟೆಯ ಮಾತೆತ್ತುತ್ತಿದ್ದರು. ಉಡುಪಿ ಹತ್ತಿರದ ಸಂತೆಕಟ್ಟೆಯಲ್ಲ. ಇಂಗ್ಲೆಂಡಿನ ಒಂದು ಸಂತೆಯ ಊರು. ಅದಕ್ಕೆ ಅದರದೇ ಹೆಸರಿತ್ತು. ಆದರೆ ಊರಿನ ನಟ್ಟನಡುವೆ ಸಂತೆಯ ಗುರುತಿಗೆ ಒಂದು ಕಲ್ಲಿನ ಕಟ್ಟೆಯಿದೆ ಎಂಬ ಕಾರಣಕ್ಕೆ ಇವರು ಅದನ್ನು ‘ನಮ್ಮ ಸಂತೆಕಟ್ಟೆ’ ಮಾಡಿಕೊಂಡಿದ್ದರು. ಕಟ್ಟೆಯಿಂದ ಇಳಿದು ಬಂದರೆ ಧಾನ್ಯದ ಮಾರುಕಟ್ಟೆ, ಆಚೆ ಗುಡ್ಡದ ಮೇಲೆ ಚೂಪು ಗೋಪುರದ ಚರ್ಚು, ನಮ್ಮ ಕಡೆಯ ಮಾತಲ್ಲಿ ಇಗರ್ಜಿ. ಗುಡ್ಡವನ್ನು ಬಳಸಿಕೊಂಡು ಒಂದು ರೈಲುಗೆರೆ ಬರುತ್ತದೆ, ಹೊಳೆಯ ಕಡೆಯಿಂದ ಇನ್ನೊಂದು. ಎರಡೂ ಬಿಯರ್ ಕಾರ್ಖಾನೆಯ ಹಿಂದೆ ಒಂದಾಗಿ ಸ್ಟೇಷನ್ನಿಗೆ ಹೋಗುತ್ತವೆ. ಸ್ಟೇಷನ್ನಿನ ಪಕ್ಕದಲ್ಲೇ ದನದ ಸಂತೆ.

"ನೀವು ಯಾವಾಗ ಹೋಗಿದ್ರಿ ಸರ್?" ಎಂದು ನಾನು ಮೊದಲ ಸಲ ಕೇಳಿದಾಗ ಅನ್ನದ ತುತ್ತು ಹಾಗೇ ಹಿಡಿದು ಹೇಳಿದರು, "ಹೋಗ್ಲಿಲ್ಲ. ಹೋಗ್ಲಿಕ್ಕುಂಟು."

ಅದರ ಹಿನ್ನೆಲೆ ಆಮೇಲೆ ತಿಳಿಯಿತು. ಇಪ್ಪತ್ತೆರಡರ ಹರೆಯದಲ್ಲಿ ಇವರು ಒಮಾನಿಗೆ ಬಂದಾಗ ಆಫೀಸಿನ ದೊಡ್ಡವನು ಒಬ್ಬ ಇಂಗ್ಲಿಷ್ ಇಂಜಿನಿಯರ್. ಇವರು ಎಳೆದ ಗೆರೆ ನೋಡಿ "ಇದು ಗೆರೆಯಲ್ಲ, ಇರುವೆ ಸಾಲು" ಅಂದನಂತೆ. ತನ್ನ ಹುಟ್ಟೂರಿನ ಒಂದು ಹಳೆಯ ನಕ್ಷೆ ಕೊಟ್ಟು, ದಿನಕ್ಕೊಂದು ಗಂಟೆ ಇದರ ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು ಶಾಯಿಯಲ್ಲಿ ಎಳೆ, ನಾನು ಸಾಕು ಅನ್ನುವ ತನಕ ಎಳೆ ಎಂದನಂತೆ. ಆತ ಸಾಕು ಅಂದದ್ದು ಹನ್ನೊಂದು ತಿಂಗಳ ನಂತರ. ಅಷ್ಟು ಹೊತ್ತಿಗೆ ಆ ಊರಿನ ಪ್ರತಿ ಗಲ್ಲಿ ಇವರ ಬೆರಳಲ್ಲಿ ಕೂತುಬಿಟ್ಟಿತ್ತು. ರೂಮಿನಲ್ಲಿ ಎಂಟು ಜನ, ಊರಿಂದ ಕಾಗದ ಬರಲು ಮೂರು ವಾರ. "ಆ ಒಂದು ಗಂಟೆ ನಾನು ಇಲ್ಲಿ ಇರ್ತಿರ್ಲಿಲ್ಲ, ಬಾಯಮ್ಮ. ಅಲ್ಲಿ ತಿರುಗಾಡ್ತಿದ್ದೆ" ಎಂದು ಒಮ್ಮೆ ಹೇಳಿದ್ದರು.

ನಿಜ ಹೇಳಬೇಕೆಂದರೆ ಅವರು ಎರಡೂ ಊರುಗಳಲ್ಲಿ ಒಟ್ಟಿಗೆ ಇರುತ್ತಿದ್ದರು. ಶುಕ್ರವಾರ ಬೆಳಿಗ್ಗೆ ನಿಜ್ವಾದಲ್ಲಿ ಆಡಿನ ಸಂತೆ. ಕೊಳ್ಳುವವರು ದುಂಡಗೆ ಕೂತಿರುತ್ತಾರೆ, ಮಾರುವವರು ಆಡುಗಳನ್ನು ಹಿಡಿದುಕೊಂಡು ನಡುವೆ ಸುತ್ತು ಬರುತ್ತಾರೆ. ಒಮ್ಮೆ ನಮ್ಮ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ತೋರಿಸುತ್ತಿದ್ದರು, "ಅಕೊ, ಅಲ್ಲಿ ಕಾಣ್ತದಲ್ಲ ಕೋಟೆ, ಅದು ನಮ್ಮ ಇಗರ್ಜಿ ಗೋಪುರ. ಇದು ದನದ ಸಂತೆ. ಹತ್ತೂವರೆಯ ಗಾಡಿಯಲ್ಲಿ ಇವನ್ನೆಲ್ಲ ತುಂಬಿಸಿ ಕಳಿಸ್ತಾರೆ." ಮಗಳು ಕಣ್ಣರಳಿಸಿ ಇಂಗ್ಲಿಷಿನಲ್ಲಿ "ವೇರ್ ಈಸ್ ದ ಟ್ರೇನ್?" ಅಂದರೆ, "ಶ್, ಕೇಳು" ಅಂದರು. ಅವಳು ಕಿವಿಗೊಟ್ಟಳು. ನಾನೂ, ಹೇಳಲು ನಾಚಿಕೆ, ಕಿವಿಗೊಟ್ಟೆ. ಆಡುಗಳ ಕೂಗು, ಏಲಕ್ಕಿ ಹಾಕಿದ ಕಾಫಿಯ ವಾಸನೆ, ಎಲ್ಲೋ ನೀರು ಹರಿಯುವ ಸಪ್ಪಳ. ಒಂದು ಕ್ಷಣ ಏನೋ ದೂರದಿಂದ ಬರುತ್ತಿದೆ ಅನ್ನಿಸಿದ್ದು ಸುಳ್ಳಲ್ಲ.

ಮಗಳೊಬ್ಬಳೇ ಅವರಿಗೆ. ನರ್ಸ್ ಆಗಿ ಇಂಗ್ಲೆಂಡಿಗೇ ಹೋದಳು. ಪ್ರತಿ ವರ್ಷ ಕರೆಯುತ್ತಿದ್ದಳು, ಪ್ರತಿ ವರ್ಷ ಇವರು ಮುಂದೆ ಹಾಕುತ್ತಿದ್ದರು. ರಜೆ ಇಲ್ಲ, ಟೆಂಡರ್ ಉಂಟು, ಚಳಿ. ಕಾರಣಕ್ಕೇನು ಬರಗಾಲ! ಹೆದರಿಕೆ ಎಂದು ನನಗನ್ನಿಸುತ್ತಿತ್ತು. ಕೇಳಲಿಲ್ಲ.

ಆಮೇಲೆ ಅವರ ಕಣ್ಣು ಕೈಕೊಡತೊಡಗಿತು. ಮೊದಲು ಗಮನಿಸಿದ್ದು ನಾನೇ. ಮೇಜಿನ ಬದಿಯಲ್ಲಿಟ್ಟ ಚಹದ ಲೋಟಕ್ಕೆ ಕೈ ತಾಗಿಸಿ ಬೀಳಿಸುತ್ತಿದ್ದರು. ಊರಿಗೆ ಹೋಗಿ ಡಾಕ್ಟರಿಗೆ ತೋರಿಸಿದರೆ ಕಣ್ಣಿನೊಳಗಿನ ಒತ್ತಡ, ಬದಿಯ ನೋಟ ಆಗಲೇ ಹೋಗಿದೆ, ಉಳಿದದ್ದು ಎಷ್ಟು ದಿನವೋ ಗೊತ್ತಿಲ್ಲ, ಔಷಧಿ ಬಿಡುತ್ತಾ ಇರಿ ಎಂದರು. "ಸುರಂಗದೊಳಗಿಂದ ನೋಡಿದ ಹಾಗೆ ಕಾಣ್ತದೆ. ರೈಲಿನವನಿಗೆ ಸರಿಯಾದ ಕಾಯಿಲೆಯೇ ಬಂತು" ಎಂದು ಫೋನಿನಲ್ಲಿ ತಮಾಷೆ ಮಾಡಿದರು. ನಗಲಿಕ್ಕೆ ನನ್ನಿಂದಾಗಲಿಲ್ಲ. ಈ ಬೇಸಿಗೆಗೆ ಇಂಗ್ಲೆಂಡಿಗೆ ಹೊರಟೇಬಿಡುತ್ತೇನೆ, ಕಣ್ಣಿರುವಾಗಲೇ ಆ ನಕ್ಷೆ ಹಿಡಿದುಕೊಂಡು ಸಂತೆಕಟ್ಟೆ ಒಮ್ಮೆ ನೋಡಬೇಕು ಎಂದರು. ಆ ಧ್ವನಿಯಲ್ಲಿ ಈ ಸಲ ಕಾರಣಗಳಿರಲಿಲ್ಲ.

ಅವರು ಊರಿನಲ್ಲಿದ್ದ ಆ ಎರಡು ವಾರದಲ್ಲೇ ನಮ್ಮ ಆಫೀಸು ಹೊಸ ಕಟ್ಟಡಕ್ಕೆ ಹೋಯಿತು. ಚಾಲ್ತಿಯಲ್ಲಿರುವ ಡ್ರಾಯಿಂಗ್ ಮಾತ್ರ ಬರಲಿ, ಹಳೆಯದೆಲ್ಲ ಖಲಾಸ್ ಎಂದು ಮೇಲಿಂದ ಆಜ್ಞೆ. ನಾನು ಸೊಂಟ ಕಟ್ಟಿ ನಿಂತೆ. ಹಿಂದಿನ ಕೋಣೆಯ ಕಬ್ಬಿಣದ ಕಪಾಟಿನ ತಳದಲ್ಲಿ ಹಳದಿಯಾದ ಒಂದು ರೋಲ್ ಸಿಕ್ಕಿತು. ಅಂಚಿನಲ್ಲಿ ಮಾಸಿದ ಕೆಂಪು ಮೊಹರು, ಸೂಪರ್‌ಸೀಡೆಡ್. ರಿಜಿಸ್ಟರಿನಲ್ಲಿ ಅದಕ್ಕೆ ನಂಬರಿಲ್ಲ. ಬಿಚ್ಚಿಯೂ ನೋಡಲಿಲ್ಲ. ಕಾಗದ ಕತ್ತರಿಸುವ ಮೆಷಿನ್ನಿನ ಬಾಯಿಗೆ ನಾನೇ ಕೈಯಾರೆ ಕೊಟ್ಟೆ.

ಅವರು ಬಂದ ದಿನ ಹೊಸ ಕಟ್ಟಡದ ಕಪಾಟುಗಳನ್ನು ಒಂದೊಂದಾಗಿ ತೆರೆದು ಮುಚ್ಚುತ್ತಿದ್ದರು.

"ಬಾಯಮ್ಮ, ಅಡಿಯಲ್ಲಿ ಒಂದು ರೋಲ್ ಇತ್ತಲ್ಲ?"

"ಹಳದಿಯದ್ದಾ? ಸೂಪರ್‌ಸೀಡೆಡ್ ಇತ್ತು ಸರ್. ಶ್ರೆಡ್ ಮಾಡಿಸಿದೆ."

ಅವರು ಕಪಾಟಿನ ಹಿಡಿಕೆ ಬಿಡಲಿಲ್ಲ. "ಹೌದಾ," ಅಂದರು. ಕಪಾಟನ್ನು ಮೆಲ್ಲಗೆ ಮುಚ್ಚಿ, "ರೂಲ್ ಪ್ರಕಾರ ಸರಿಯೇ ಉಂಟು."

ಆಗ ನನಗೆ ಹೊಳೆಯಿತು, ಅದು ಸಂತೆಕಟ್ಟೆಯ ಆ ಹಳೆಯ ನಕ್ಷೆ. ಅವರು ಬೈದಿದ್ದರೆ ಬದುಕುತ್ತಿದ್ದೆ. ಬೈಯಲಿಲ್ಲ. ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಇಪ್ಪತ್ತು ವರ್ಷ ಒಂದು ಹಾಳೆಯನ್ನೂ ತಪ್ಪಾಗಿ ಎಸೆಯದವಳು ಎಸೆದದ್ದು ಇದೊಂದನ್ನೇ, ಅದೂ ನಿಯಮ ಮೀರದೆ.

ಮೂರನೆಯ ದಿನ ಮಧ್ಯಾಹ್ನ ಅವರು ಒಂದು ದೊಡ್ಡ ಬಿಳಿ ಹಾಳೆ, ಟೇಪು, ಪೆನ್ಸಿಲು ಹಿಡಿದು ನನ್ನ ಮೇಜಿಗೆ ಬಂದರು. "ನಿಮಗೆ ಕೆಲಸ ಉಂಟಾ?"

"ಇಲ್ಲ ಸರ್."

"ಹಾಗಾದ್ರೆ ಕೂತ್ಕೊಳ್ಳಿ. ನನಗೆ ಹಾಳೆಯ ಅಂಚು ಕಾಣುದಿಲ್ಲ. ಅಂಚು ಬಂದಾಗ ಹೇಳಿದ್ರೆ ಸಾಕು. ಉಳಿದದ್ದು ಕೈಗೆ ಗೊತ್ತುಂಟು."

ಏಳು ವಾರ ಊಟದ ಹೊತ್ತಿನಲ್ಲೆಲ್ಲ ನಾವಿಬ್ಬರೂ ಆ ಊರನ್ನು ಕಟ್ಟಿದೆವು. ಅವರು ಮುಖ ಪಕ್ಕಕ್ಕೆ ತಿರುಗಿಸಿ, ಎಷ್ಟೋ ಸಲ ಕಣ್ಣು ಮುಚ್ಚಿ ಎಳೆಯುತ್ತಿದ್ದರು. ನಾನು ಪೆನ್ಸಿಲು ಹೆರೆದು ಕೊಡುತ್ತಿದ್ದೆ, "ಅಂಚು ಬಂತು ಸರ್" ಅನ್ನುತ್ತಿದ್ದೆ. ಎಸಿಯ ಗುಂಯ್ ಸದ್ದು, ಹೊರಗೆ ಬಿಳಿ ಬಿಸಿಲು, ಆಚೆ ಬೋಳು ಬೆಟ್ಟ. ಒಳಗೆ ಹೊಳೆಯ ಮೇಲೆ ಮೂರು ಕಮಾನಿನ ಸೇತುವೆ ಮೂಡುತ್ತಿತ್ತು. ಅದರ ಮೇಲೆ ಅಡ್ಡಗೀಟುಗಳನ್ನು ಹಾಕುವಾಗ ಅವರ ಬಾಯಿಂದ ಸಣ್ಣಗೆ ಟಕ್ ಟಕ್ ಅನ್ನುವ ಸದ್ದು ಬರುತ್ತಿತ್ತು. ಒಂದು ಮಧ್ಯಾಹ್ನ ನಾನು ತೂಕಡಿಸಿದೆನೋ ಏನೋ, ಆ ಸೇತುವೆಯ ಮೇಲೆ ಆಡುಗಳನ್ನು ತುಂಬಿದ ಗಾಡಿ ಹೋಗುವುದು ಕಣ್ಣಿಗೆ ಕಟ್ಟಿದ ಹಾಗೆ ಕಂಡಿತು, ಕಿಟಕಿಯಲ್ಲಿ ನನ್ನ ಮಗಳು. "ಬಾಯಮ್ಮ, ಅಂಚು?" ಅಂದರು. ಪೆನ್ಸಿಲು ಮೇಜಿನ ಮೇಲೆ ಗೆರೆ ಎಳೆದಾಗಿತ್ತು. ಆ ಗೆರೆ ಇವತ್ತಿಗೂ ನನ್ನ ಮೇಜಿನ ಮೇಲಿದೆ.

ಈ ನಡುವೆ ನಾನೊಂದು ಕೆಟ್ಟ ಕೆಲಸ ಮಾಡಿದೆ. ಮನೆಯಲ್ಲಿ ಫೋನಿನಲ್ಲಿ ಆ ಊರನ್ನು ಹುಡುಕಿ ಮೇಲಿನಿಂದ ತೆಗೆದ ಚಿತ್ರ ನೋಡಿದೆ. ಇಗರ್ಜಿಯಿತ್ತು, ಕಟ್ಟೆಯಿತ್ತು. ರೈಲಿರಲಿಲ್ಲ. ಸ್ಟೇಷನ್ ಇದ್ದಲ್ಲಿ ದೊಡ್ಡ ಅಂಗಡಿಯೊಂದರ ಕಾರು ನಿಲ್ಲಿಸುವ ಜಾಗ. ಗೆರೆಯಿದ್ದಲ್ಲಿ ಹಸಿರು ಪಟ್ಟಿಯಂತಹ ಏನೋ. ಕಣ್ಣಿನ ಕೊನೆಯ ಬೆಳಕು ಖರ್ಚು ಮಾಡಿ ಅಷ್ಟು ದೂರ ಹೋಗುವವರಿಗೆ ಇದನ್ನು ಹೇಳುವುದೋ ಬಿಡುವುದೋ? ಗಂಡ, "ಹೇಳಿಬಿಡು, ಅಲ್ಲಿ ಹೋಗಿ ಬೇಜಾರಾಗುವುದು ಬೇಡ" ಅಂದರು. ಒಮ್ಮೆ ಅವರ ಹಾಳೆ ಕತ್ತರಿಸಿದ್ದೆ. ಎರಡನೇ ಸಲ ನನ್ನಿಂದಾಗಲಿಲ್ಲ. ಬಾಯಿಗೆ ಬೀಗ ಹಾಕಿಕೊಂಡೆ.

ಹಾಳೆಯನ್ನು ಸುರುಳಿ ಸುತ್ತಿ ಬಗಲಲ್ಲಿಟ್ಟುಕೊಂಡು ಜೂನ್‌ನಲ್ಲಿ ಅವರು ಹೋದರು. ಮೂರು ವಾರ ಒಂದು ಸುದ್ದಿಯೂ ಇಲ್ಲ. ನಾನು ದಿನಾ ಫೋನ್ ನೋಡುತ್ತಿದ್ದೆ. ಪ್ರತಿ ಸಲ ಆ ಕಾರುಗಳ ಜಾಗದಲ್ಲಿ ಅವರು ದಿಕ್ಕು ತೋಚದೆ ನಿಂತದ್ದೇ ಕಣ್ಣ ಮುಂದೆ ಬರುತ್ತಿತ್ತು.

ಅವರು ತಿರುಗಿ ಬಂದದ್ದು ಕೆಲಸಕ್ಕೆ ರಾಜೀನಾಮೆ ಕೊಡಲಿಕ್ಕೆ. ಹೆಂಡತಿ ಕೈ ಹಿಡಿದು ಆಫೀಸಿನ ಬಾಗಿಲ ತನಕ ಬಿಟ್ಟುಹೋದರು. ನೇರ ನನ್ನ ಮೇಜಿಗೆ ಬಂದು, ಮುಟ್ಟಿ ನೋಡಿ, ಹಾಳೆ ಬಿಚ್ಚಿದರು. ನನಗೆ ತಡೆಯಲಾಗಲಿಲ್ಲ.

"ಸರ್, ಅಲ್ಲಿ ರೈಲಿಲ್ಲ ಅಂತ ನನಗೆ ಗೊತ್ತಿತ್ತು. ಹೇಳ್ಲಿಲ್ಲ."

"ನನಗೂ ಗೊತ್ತಿತ್ತು ಮಾರಾಯ್ತಿ," ಅಂದರು, ತುಂಬ ಸಲೀಸಾಗಿ. "ನಕ್ಷೆ ಕೊಟ್ಟ ದಿನವೇ ಆ ಇಂಗ್ಲಿಷ್ ದೊರೆ ಹೇಳಿದ್ದ. ಹಳಿ ಕಿತ್ತಾಗಿದೆ, ಹೊಸ ನಕ್ಷೆ ಬಂದಾಗಿದೆ, ಈ ಹಾಳೆ ದಂಡ, ಅದಕ್ಕೇ ನಿನಗೆ ಕಲೀಲಿಕ್ಕೆ ಕೊಟ್ಟದ್ದು ಅಂತ. ಆ ಕೆಂಪು ಮೊಹರು ಮತ್ತೆ ಎಂತಕ್ಕೆ ಇದ್ದದ್ದು?"

"ಮತ್ತೆ ಎಂತ ನೋಡ್ಲಿಕ್ಕೆ ಹೋದದ್ದು ನೀವು?"

"ನೋಡ್ಲಿಕ್ಕೆ ಅಲ್ಲ. ನೋಡ್ಲಿಕ್ಕೆ ಕಣ್ಣೆಲ್ಲಿ ಉಳಿದಿದೆ." ಅವರು ಹಾಳೆಯ ಮೇಲೆ ಬೆರಳು ಇಟ್ಟರು. "ಹಳಿ ಇದ್ದಲ್ಲಿ ಈಗ ಕಾಲುದಾರಿ ಮಾಡಿದ್ದಾರೆ. ನಾಯಿ ಹಿಡ್ಕೊಂಡವರು ಎದುರು ಸಿಕ್ಕಿ ಗುಡ್ ಮಾರ್ನಿಂಗ್ ಹೇಳ್ತಾರೆ. ನಾನು ಮಗಳ ತೋಳು ಹಿಡ್ಕೊಂಡು ಕಣ್ಣು ಮುಚ್ಚಿದೆ. ಈಗ ಎಡಕ್ಕೆ ತಿರುಗ್ತದೆ ಅಂದೆ, ತಿರುಗಿತು. ಈಗ ಸೇತುವೆ ಅಂದೆ, ಅಡಿಯಲ್ಲಿ ನೀರಿನ ಸದ್ದು ಬಂತು. ಅವಳು ಅಳ್ತಾ ಇದ್ಲು, ಅಪ್ಪಾ ನಿಮಗೆ ಹೇಗೆ ಗೊತ್ತು ಅಂತ. ಸ್ಟೇಷನ್ ತನಕ ಒಂದು ಹೆಜ್ಜೆ ತಪ್ಪಲಿಲ್ಲ, ಬಾಯಮ್ಮ."

ಹಾಳೆಯಲ್ಲಿ ಮೂರು ಕಡೆ ಕೆಂಪು ಪೆನ್ಸಿಲಿನ ತಿದ್ದುಪಡಿಗಳಿದ್ದವು, ಮಗಳ ಕೈಯಿಂದ ಹಾಕಿಸಿದ್ದು. ಗೋದಾಮು ಗೆರೆಯ ಈಚೆಗಲ್ಲ, ಆಚೆಗೆ. ಇಗರ್ಜಿಯ ಮೆಟ್ಟಿಲು ಎರಡು ಹೆಚ್ಚು. ಕಟ್ಟೆಯ ಸುತ್ತ ಖರ್ಜೂರದ ಮರದ ಗುರುತು ಬಿದ್ದುಬಿಟ್ಟಿತ್ತು, ನಿಜ್ವಾದ ಕೈ ತಾನೇ, ಅದನ್ನು ಹೊಡೆದು ಹಾಕಿಸಿದ್ದರು. ರೈಲಿನ ಗೆರೆಗಳು ಮಾತ್ರ ಇದ್ದ ಹಾಗೇ ಇದ್ದವು.

"ಸೈಟಿಗೆ ಹೋಗಿ ನಡೆದು ಬಂದಿದ್ದೇನೆ. ಕೆಂಪು ತಿದ್ದಿದ್ದೇನೆ. ಇನ್ನು ನಿಮ್ಮ ನೀಲಿ ಮೊಹರು ಹಾಕಿ ಕೊಡಿ."

ನಾನು ನಾನೇ ತಾನೆ? ಆ ಹೊತ್ತಿನಲ್ಲೂ ಬಾಯಿ ಸುಮ್ಮನಿರಲಿಲ್ಲ. "ಹಳಿ ಇಲ್ಲ ಅಂದ್ರಿ. ಅದಕ್ಕೆ ಕೆಂಪು ಗೀಟು ಹಾಕ್ಲಿಲ್ವಲ್ಲ ಸರ್?"

"ಕಾಲಿಗೆ ಸಿಕ್ಕಿದೆ. ಸಿಕ್ಕಿದ್ದನ್ನು ಇಲ್ಲ ಅಂತ ಬರೀಲಿಕ್ಕೆ ನನ್ನಿಂದಾಗ್ಲಿಲ್ಲ."

ರಿಜಿಸ್ಟರ್ ತೆಗೆದೆ. ಪ್ರಾಜೆಕ್ಟಿಲ್ಲ, ಕ್ಲೈಂಟಿಲ್ಲ, ಟೆಂಡರಿಲ್ಲ. ಆದರೂ ಅದಕ್ಕೊಂದು ನಂಬರು ಕೊಟ್ಟೆ. ನೀಲಿ ಮೊಹರು ಒತ್ತಿದೆ. ಅದು ಸ್ಟೇಷನ್ನಿನ ಪಕ್ಕಕ್ಕೆ, ವಾಲಿಕೊಂಡು ಬಿತ್ತು.

"ಬಿತ್ತಾ?"

"ಬಿತ್ತು ಸರ್."

"ನೆಟ್ಟಗೆ ಉಂಟಾ?"

"ನೆಟ್ಟಗೆ ಉಂಟು."

ನಂಬಲಿಲ್ಲ. ಹೆಬ್ಬೆರಳನ್ನು ಮೊಹರಿನ ಮೇಲೆ ಮೆಲ್ಲಗೆ ಎಳೆದು ನೋಡಿದರು. ಹಸಿ ಶಾಯಿ ಬೆರಳಿಗೆ ಹತ್ತಿತು. ಅದೇ ಬೆರಳನ್ನು ಸ್ಟೇಷನ್ ಇರುವಲ್ಲಿ ಇಟ್ಟು ಒಂದು ಕ್ಷಣ ಒತ್ತಿ ಹಿಡಿದರು, ಇನ್ನು ಮುಂದೆ ಇದು ಇಲ್ಲೇ ಇರಲಿ ಎಂಬಂತೆ. ಆಮೇಲೆ ಹಾಳೆಯನ್ನು ನನ್ನ ಕಡೆಗೆ ತಳ್ಳಿ ಹೇಳಿದರು, "ನಿಮ್ಮ ಹತ್ರವೇ ಇರ್ಲಿ. ನೀವು ಇನ್ನೊಮ್ಮೆ ಎಸೆಯುದಿಲ್ಲ."

ಅದು ಈಗ ನಮ್ಮ ಮನೆಯ ಗೋಡೆಯ ಮೇಲಿದೆ. ಇಲ್ಲಿಂದ ಹೊರಟ ಎರಡು ವರ್ಷಕ್ಕೆ ಅವರು ಹೋದರು. ಸುದ್ದಿ ಬಂದ ಸಂಜೆ ದೀಪ ಹಾಕದೆ ಅದರ ಮುಂದೆ ಕೂತಿದ್ದೆ. ಕತ್ತಲಾಗುತ್ತಾ ಬಂದಂತೆ ಇಗರ್ಜಿ, ಕಟ್ಟೆ, ಸೇತುವೆ ಒಂದೊಂದೇ ಮಸುಕಾದವು. ನಾನು ಎದ್ದು ಹೋಗಿ, ಕಣ್ಣು ಮುಚ್ಚಿ, ಬೆರಳಿಟ್ಟು ರೈಲುಗೆರೆಯ ಮೇಲೆ ನಡೆದೆ. ಎಡಕ್ಕೆ ತಿರುಗಿತು, ಹೊಳೆ ದಾಟಿತು, ಕಾರ್ಖಾನೆಯ ಹಿಂದೆ ಇನ್ನೊಂದು ಗೆರೆ ಬಂದು ಸೇರಿತು. ಕಣ್ಣು ಬಿಟ್ಟಾಗ ನನ್ನ ಬೆರಳು ಅವರ ನೀಲಿ ಹೆಬ್ಬೆರಳಿನ ಗುರುತಿನ ಮೇಲಿತ್ತು.